ದೋಹಾದಲ್ಲಿ ಸೆರೆಯಾದ ಹುಡುಗನಿಗೆ ಮುಂಬೈಯಿಂದ ಏನು ಮಾಡಬಹುದು?

ಪ್ರಶ್ನೆ (ಡೊಂಬಿವಲಿ): ನಮ್ಮ ನೆರೆಮನೆಯ ಹುಡುಗ, ಪರಿಚಯದ ಏಜೆಂಟನೊಬ್ಬ ಕೊಟ್ಟ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಒಯ್ದು, ಕತಾರಿನ ದೋಹಾ ವಿಮಾನ ನಿಲ್ದಾಣದಲ್ಲಿ ಹಶೀಶ್ ಎಂಬ ಮಾದಕವಸ್ತು ಸಮೇತ ಸಿಕ್ಕಿಬಿದ್ದಿದ್ದಾನೆ. ತಾಯಿಗೆ ಕನ್ನಡ, ಮರಾಠಿ ಬಿಟ್ಟರೆ ಬೇರೆ ಭಾಷೆ ಬಾರದು. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ಥಾಣೆ): 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಬಂಧಿತನು ತನ್ನ ದೇಶದ ರಾಯಭಾರ ಕಚೇರಿಯ ನೆರವು ಕೇಳಬಹುದು. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಇಂದೇ ದೂರು ದಾಖಲಿಸಿ.

ಉತ್ತರ (ಮಾಟುಂಗಾ): ಮುಂಬೈಯ ದಂಪತಿಯೊಂದರ ಪ್ರಕರಣ ನೆನಪಿದೆಯೇ? 2019ರಲ್ಲಿ ಅದೇ ದೋಹಾದಲ್ಲಿ, ಬಂಧುವೊಬ್ಬರು ಕೊಟ್ಟಿದ್ದ ಚೀಲದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಹಶೀಶ್ ಸಿಕ್ಕು ಅವರಿಗೆ 10 ವರ್ಷ ಶಿಕ್ಷೆಯಾಗಿತ್ತು. ಮನೆಯವರು ಇಲ್ಲಿನ ಮಾದಕವಸ್ತು ನಿಯಂತ್ರಣ ಬ್ಯೂರೋಗೆ ದೂರು ಕೊಟ್ಟು ತನಿಖೆ ನಡೆದ ಬಳಿಕ, 2021ರಲ್ಲಿ ಮರುವಿಚಾರಣೆಯಲ್ಲಿ ಅವರು ದೋಷಮುಕ್ತರಾದರು. ಆದ್ದರಿಂದ ಏಜೆಂಟನ ವಾಟ್ಸಾಪ್ ಸಂದೇಶ, ಕರೆಗಳ ವಿವರ, ಟಿಕೆಟ್ಟಿಗೆ ಹಣ ಕೊಟ್ಟವರ ದಾಖಲೆ, ಯಾವುದನ್ನೂ ಅಳಿಸಬೇಡಿ. ಸಂಕೋಚದಿಂದ ಮುಚ್ಚಿಡುವ ಮನೆಗಳೇ ಹೆಚ್ಚು, ಅದು ಹುಡುಗನಿಗೇ ಮುಳುವು.

ಉತ್ತರ (ಥಾಣೆ): ಶಿಕ್ಷೆಯಾದರೆ ಅವನನ್ನು ಭಾರತದ ಜೈಲಿಗೆ ಕರೆತರಲು 2003ರ ಕೈದಿಗಳ ಹಸ್ತಾಂತರ ಕಾಯ್ದೆಯಿದೆ. ಆದರೆ ತೀರ್ಪು ಅಂತಿಮವಾಗಿ, ಎರಡೂ ಸರ್ಕಾರಗಳು ಒಪ್ಪಬೇಕು. ಬಂದರೂ ಬಿಡುಗಡೆಯಲ್ಲ, ಉಳಿದ ಶಿಕ್ಷೆ ಇಲ್ಲಿನ ಜೈಲಿನಲ್ಲಿ.

ಪ್ರಶ್ನೆ ಕೇಳಿದವರು: ಫೋನು ತಂಗಿಯ ಬಳಿಯಿದೆ. ನಾಳೆಯೇ ಬ್ಯೂರೋಗೆ ಹೋಗುತ್ತೇವೆ.