ಪದ ಬೇಕು: ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ. ಇಂಥ ಕಟ್ಟಡಕ್ಕೆ ಕನ್ನಡದಲ್ಲಿ ಏನೆನ್ನೋಣ?

ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಿತ್ತು. ನಾನು ಕೆಲಸ ಮಾಡುವ ಇಂಜಿನಿಯರ್ ಆಫೀಸಿನಲ್ಲಿ ಒಂದು ಮಿಕ್ಸ್‌ಡ್ ಯೂಸ್ ಕಟ್ಟಡದ ನಕ್ಷೆ ತಯಾರಾಗಿದೆ. ರಸ್ತೆಯ ಮಟ್ಟದಲ್ಲಿ ಅಂಗಡಿಗಳು, ಮೇಲೆ ಆಫೀಸು ಮತ್ತು ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಅದರ ಮೇಲೆ ಎರಡು ಅಂತಸ್ತು ಮನೆಗಳು. ಹಿಂಬದಿಗೆ ನಾಲ್ಕು ಲಿವ್-ವರ್ಕ್ ಯುನಿಟ್ಟುಗಳಿವೆ: ಕೆಳಗೆ ದರ್ಜಿಯೋ ಅಕ್ಕಸಾಲಿಗನೋ ಕೂತು ಕೆಲಸ ಮಾಡುವ ಕೋಣೆ, ಒಳಮೆಟ್ಟಿಲು ಹತ್ತಿದರೆ ಅವರದೇ ಮನೆ.

ಪದ ಬೇಕಾದದ್ದು ಎರಡು ಕಡೆಗೆ. ಜಾಗದ ಎದುರಿನ ದೊಡ್ಡ ಬೋರ್ಡಿಗೆ ಒಂದು, ಕೊಳ್ಳುವವರ ಕೈಗೆ ಕೊಡುವ ಮಾಹಿತಿ ಪತ್ರಕ್ಕೆ ಒಂದು. 'ವಸತಿ ಮತ್ತು ವಾಣಿಜ್ಯ ಸಂಕೀರ್ಣ' ಅಂತ ಬರೆದುಕೊಟ್ಟಿದ್ದೆ. ಪುರಸಭೆಯ ಮಳಿಗೆ ಹರಾಜಿನ ನೋಟೀಸಿನ ಹಾಗೆ ಕೇಳ್ತದೆ ಅಂತ ಮಾಲೀಕರು ವಾಪಸು ಕಳಿಸಿದರು. 'ಮಿಶ್ರ ಬಳಕೆ ಕಟ್ಟಡ' ಆದೀತೇ? ಲಾಬಿಗೂ ಏನಾದರೂ ಹೇಳಿ. ಬೋರ್ಡ್ ಬರೆಯುವವರು ನಾಳೆ ಸಂಜೆ ಬರುತ್ತಾರೆ.

ಶಿರಸಿಯಿಂದ

'ಸಂಕೀರ್ಣ' ವಿಶೇಷಣ. ಅದನ್ನು ನಾಮಪದ ಮಾಡಿ ಗೋಡೆಗೆ ಹೊಡೆದದ್ದು ಸರಕಾರಿ ಅನುವಾದಕರು, ನಾವು ಮುಂದುವರಿಸಬೇಕಾಗಿಲ್ಲ. 'ಮಿಶ್ರಬಳಕೆ' ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ದೋಷ. ಗಮಕದಲ್ಲಿ, ಕ್ರಿಯಾಸಮಾಸದಲ್ಲಿ ದೋಷವಿಲ್ಲ, ಇದು ಅವೆರಡೂ ಅಲ್ಲ. ನಡುವೆ ಜಾಗ ಬಿಟ್ಟು ಬರೆದರೆ ವೈಯಾಕರಣ ಕೇಶಿರಾಜನ ಕಣ್ಣು ತಪ್ಪಿಸಬಹುದು ಎಂದುಕೊಳ್ಳುವುದು ಬೇಡ. 'ಮಿಶ್ರೋಪಯೋಗಿ ಭವನ' ಎನ್ನಿ. ಲಾಬಿಗೆ 'ಪ್ರವೇಶಾಂಗಣ'.

ಅಂಕೋಲೆಯಿಂದ

> ಮಿಶ್ರೋಪಯೋಗಿ ಭವನ

ಮಾಸ್ತರೇ, ಇದು ಕಟ್ಟಡವೋ ಕೆಮ್ಮಿನ ಕಷಾಯವೋ? ಮೀನು ಹಿಡಿದು ಕೂಡಿಸಿದ ದುಡ್ಡಲ್ಲಿ ಮನೆ ಕೊಳ್ಳಲು ಬರುವವನು ಇದನ್ನು ಓದಿ ಒಳಗೆ ಕಾಲಿಡುತ್ತಾನೆಯೇ? ಕನ್ನಡಕ್ಕೆ ತನ್ನದೇ ಬೇರುಗಳಿವೆ. ಮಿಕ್ಸ್‌ಡ್ ಯೂಸ್ = ಬೆರಕೆಬಳಕೆ. ಲಾಬಿ = ಮೊಗಸಾಲೆ. ಲಿವ್-ವರ್ಕ್ = ಕಸುಬುಮನೆ. ಮೂರೂ ಅಚ್ಚಗನ್ನಡ. ಹತ್ತು ಸಲ ಬಳಸಿದರೆ ನಾಲಿಗೆಗೆ ತಾನಾಗಿ ಒಗ್ಗುತ್ತದೆ.

ಹೊನ್ನಾವರದಿಂದ

ನಮ್ಮಲ್ಲಿ ಬೆರಕೆ ಅಂದರೆ ಕಲಬೆರಕೆ ಎಣ್ಣೆ. ಬೋರ್ಡಿನಲ್ಲಿ ಬೆರಕೆ ಅಂತ ಕಂಡರೆ ಸಿಮೆಂಟಿಗೆ ಎಂತ ಬೆರೆಸಿದ್ದಾರೆ ಅಂತ ಕೇಳ್ತಾರೆ. ಬೇಡ.

ಧಾರವಾಡದಿಂದ

ಬೆರಕಿ ಸೊಪ್ಪು ನಮ್ಮ ಕಡೆ ಭಾಳ ರುಚಿರೀ, ಅದೇನು ಕೆಟ್ಟ ಪದ ಅಲ್ಲ. ಆದರ ಅಂಕೋಲಾದವರ ಅಚ್ಚಗನ್ನಡದ್ದು ಒಂದು ಮಾತು ಹೇಳಬೇಕು. 'ಕಸುಬು' ಅರಬ್ಬೀದು. ಕಸ್ಬ್ ಅಂದ್ರ ಗಳಿಕೆ. ಮರಾಠಿ ದಾರಿ ಹಿಡಿದು ಬಂದದ. ಕನ್ನಡದ್ದೇ ಬೇಕಂದ್ರ 'ದುಡಿಮೆ' ಅದ. 'ದುಡಿಮೆಮನೆ' ಅಂತ ಬರೀರಿ, ಆಗ ಮನಿ ಕೊಳ್ಳಾವರು ಇದೇನು ಕಾರ್ಖಾನೇನ ಅಂತಾರ. ನಾನಾದ್ರ 'ಇಮಾರತು' ಅಂದು ಸುಮ್ಮನಾಗ್ತಿದ್ದೆ. ಘನತೆ ಇರೋ ಪದ.

ಶಿರಸಿಯಿಂದ

'ಮೊಗಸಾಲೆ'ಯ ಕಥೆಯೂ ಅಷ್ಟೇ. ಮೊಗ ಎಂಬುದು ಮುಖದ ತದ್ಭವ, ಸಾಲೆ ಶಾಲೆಯ ತದ್ಭವ. ತದ್ಭವವಾದರೆ ಸಾಕು ಎನ್ನುವುದೇ ಅಂಕೋಲೆಯವರ ನಿಯಮವಾದರೆ ವಸತಿಯ ತದ್ಭವ ಬಸದಿ. ಮೇಲಿನ ಎರಡು ಅಂತಸ್ತಿಗೆ 'ಬಸದಿ' ಎಂದು ಬರೆಸಿ. ಕೊಳ್ಳುವವರು ಸೋದೆಯ ಜೈನ ಮಠದ ಕಡೆಯಿಂದ ಬಂದಾರು.

ಅಂಕೋಲೆಯಿಂದ

ಮುಖ ಎಂಬ ಪದವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಭಾಷಾಶಾಸ್ತ್ರಜ್ಞ ಟಿ. ಬರೋ ಅವರನ್ನು ಓದಿ ಬನ್ನಿ. ಎಲ್ಲ ಮೇಲಿಂದಲೇ ಇಳಿದು ಬಂತು ಎಂಬ ಭ್ರಮೆ ಘಟ್ಟದ ಮೇಲಿನವರಿಗೆ ಸಹಜ.

ಕಾರವಾರದಿಂದ

ಜಗಳ ಆಮೇಲೆ ಆಡಿ, ದಮ್ಮಯ್ಯ. ಬೋರ್ಡಿಗೆ ಏನು ಬರೆಸಲಿ? ಶೇ 60 ಜಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ ಅಂತ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಜಾಗ ಇದೆ, ಪದ ಇಲ್ಲ.

ಕುಮಟೆಯಿಂದ

ತಂಗಿ, ನಾನು ಪೇಟೆ ಮನೆಯಲ್ಲಿ ಹುಟ್ಟಿದವಳು. ಕೆಳಗೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಮಾಳಿಗೆ. ನೀ ಕೇಳಿದ ಕಟ್ಟಡ ಅದೇ. ಅದಕ್ಕೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ, 'ಮನೆ' ಅಂತಿದ್ದೆವು ಅಷ್ಟೇ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಎದ್ದು ಅಲ್ಲಿನ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದಲೇ ಮುಂಬಯಿಗೆ ಹೋಗುತ್ತಿತ್ತು. ಆ ಕಾಲದ ವ್ಯಾಪಾರಿಗಳು ಸರಕಿನ ಮೇಲೆಯೇ ಮಲಗಿದವರು. ಹಲಗೆ ಬಾಗಿಲು ಒಂದೊಂದಾಗಿ ತೆಗೆದರೆ ಅಂಗಡಿ, ಹಾಕಿದರೆ ಮನೆ. ಗುಡಿಗಾರರಲ್ಲಿ ಗಂಧದ ಕೆತ್ತನೆ ನಡೆಯುವುದು ಜಗಲಿಯ ಮೇಲೆ, ನಿನ್ನ ಲಿವ್-ವರ್ಕ್ ಅದಕ್ಕಿಂತ ಬೇರೆ ಎಂತದು? ಶಿರಸಿಯವರೂ ತಮ್ಮೂರ ಅಡಿಕೆ ವಖಾರಿಗಳನ್ನು ಒಮ್ಮೆ ನೋಡಿ ಬರಲಿ. ಸಂಸ್ಕೃತದಲ್ಲಿ ಯಾವ ವಖಾರಿಗೂ ಹೆಸರಿಟ್ಟದ್ದು ನಾ ಕಾಣೆ.

ಹೆಸರು ಯಾವಾಗ ಬೇಕಾಯಿತು ಅಂದರೆ, ಕಾಯ್ದೆ ಬಂದು ಬೇರೆ ಬೇರೆ ಮಾಡಿದ ಮೇಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರ ಕೆಳಗೆ ಮಹಾಯೋಜನೆ, ನಕಾಶೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ. ಹಳದಿ-ನೀಲಿ ಕೂಡಿದಲ್ಲಿಗೆ ಈಗ 'ಮಿಶ್ರ' ಅಂತ ಒಂದು ಮೊಹರು ಬೇಕು. ಆ ಮೊಹರು ಆಫೀಸಿನ ಭಾಷೆ, ಅಲ್ಲಿಯೇ ಇರಲಿ. ಪೇಟೆಗೆ ಬೇಕಾದ ಪದ ನಿನ್ನ ಬಾಯಲ್ಲೇ ಇದೆ. ಮಳಿಗೆ ಅಂದರೆ ಅಂಗಡಿ, ಮಾಳಿಗೆ ಅಂದರೆ ಮೇಲಿನ ಅಂತಸ್ತು. ನಡುವೆ ಒಂದು ದೀರ್ಘ, ಅಷ್ಟೇಯ. 'ಮಳಿಗೆಮನೆ' ಅಂತ ಬರೆಸು.

ಶಿರಸಿಯಿಂದ

ಅಕ್ಕನವರ ಪದ ಬಾಯಿಗೆ ಹಿತವಾಗಿದೆ. ಆದರೆ ಶಾಸ್ತ್ರಕ್ಕೆ ಸೇರಿಸುವುದಾದರೆ ಆದೇಶಸಂಧಿಯಲ್ಲಿ 'ಮ' ಹೋಗಿ 'ವ' ಬಂದು 'ಮಳಿಗೆವನೆ' ಆಗಬೇಕು. ನೆಲೆವನೆ ಇದೆಯಲ್ಲ, ಹಾಗೆ.

ಹೊನ್ನಾವರದಿಂದ

ಅರಮನೆಗೆ ಅರವನೆ ಅಂತೀರಾ?

ಅಂಕೋಲೆಯಿಂದ

:) ಮಾಸ್ತರು ಇನ್ನು ಎರಡು ದಿನ ಬರುವುದಿಲ್ಲ.

ಧಾರವಾಡದಿಂದ

ಮಳಿಗೆಮನಿ ಛಲೋ ಅದ. ಒಂದೇ ತೊಂದ್ರಿ. ಸಮಾಸದಾಗ ಉತ್ತರಪದಾನ ಯಜಮಾನ. ಮಳಿಗೆಮನಿ ಅಂದ್ರ ಅದು ಮನಿ ಆತು, ಆಫೀಸು ಎಲ್ಲೋ ಹೊರಗ ಉಳೀತು. 'ಮನೆಮಠ'ದಂಗ ದ್ವಂದ್ವ ಅಂತ ಓದಬೇಕಂತ ನೀವು ಎಲ್ಲಾರಿಗೂ ಚೀಟಿ ಬರದು ಕಳಸಾವರೇನು? 'ಅಂಗಡಿಮನೆ' ಅನ್ನೋದಂತೂ ಬ್ಯಾಡ. ಕರಾವಳಿಯೊಳಗ ಅದು ಮನೆತನದ ಹೆಸರಾಗೂ ಐತಿ, ಅಂಚೆಯಾಂವ ಯಾರದೋ ಪತ್ರ ತಂದು ನಿಮ್ಮ ಬಾಗಲಾಗ ಒಗೀತಾನ.

ಹೊನ್ನಾವರದಿಂದ

ನಾನು ಇಂಥ ಕಟ್ಟಡ ಕಟ್ಟಿಸುವ ಕೆಲಸದವನು. ಎರಡು ಮಾತು ಹೇಳಿ ಮುಗಿಸುತ್ತೇನೆ, ವ್ಯಾಕರಣ ನಿಮಗಿರಲಿ.

ಒಂದು. 'ಮಳಿಗೆ' ಇಟ್ಟುಕೊಂಡರೆ ಮುಂದೆ 'ನೆಲಮಳಿಗೆ' ಬರ್ತದೆ, ನೆಲದ ಮಟ್ಟದ ಅಂಗಡಿಗೆ. ಪೇಂಟರ್ ಒಂದು ದೀರ್ಘ ಎಳೆದ ಅಂದರೆ ಅದು 'ನೆಲಮಾಳಿಗೆ', ಅಂದರೆ ಬೇಸ್‌ಮೆಂಟ್. ಕಡಲ ಬದಿಯಲ್ಲಿ ತುಸು ತೋಡಿದರೆ ನೀರು, ನೆಲಮಾಳಿಗೆ ಅಂತ ಓದಿದವ ಜೂನ್‌ನಲ್ಲಿ ಈಜುಕೊಳ ಇದೆಯೋ ಅಂತ ಕೇಳ್ತಾನೆ. 'ತಳಮಹಡಿ'ಯೂ ಹಾಗೇ. ಒಬ್ಬನಿಗೆ ಅದು ಗ್ರೌಂಡ್ ಫ್ಲೋರ್, ಇನ್ನೊಬ್ಬನಿಗೆ ಬೇಸ್‌ಮೆಂಟ್. ಲಿಫ್ಟಿನ ಗುಂಡಿಯ ಪಕ್ಕ ಬರೆಯುವಾಗ ಇದು ತಮಾಷೆಯಲ್ಲ. 'ನೆಲದ ಅಂತಸ್ತು' ಅಂತ ಬಿಡಿಸಿ ಬರೆಯಿರಿ.

ಎರಡು. ಬೋರ್ಡಿನ ಮೇಲೆ ಕಟ್ಟಡದ ಜಾತಿ ಬರೆಯುವುದು ಎಂತಕ್ಕೆ? 'ಇದು ಮಿಶ್ರ ಬಳಕೆಯ ಕಟ್ಟಡ' ಅಂತ ಓದಿ ಯಾರೂ ಸಾಮಾನು ಕೊಳ್ಳಲು ಬರುವುದಿಲ್ಲ. ಸಿಂಗಪುರದವರು ಹೀಗೆ ಕೆಳಗೆ ಅಂಗಡಿ ಮೇಲೆ ಮನೆ ಇರುವುದಕ್ಕೆ ಶಾಪ್‌ಹೌಸ್ ಅಂತಾರೆ. ಆದರೆ ಅಲ್ಲಿನ ಬೀದಿ ಇವತ್ತಿಗೂ ನಡೆಯಲು ಬರುವುದು ಆ ಹೆಸರಿನಿಂದ ಅಲ್ಲ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಊರಿನ ಯೋಜನೆ ಮಾಡಿಸುವಾಗ ಪ್ರತಿ ಕಟ್ಟಡದ ಎದುರು ಮಾಡಿನಡಿ ಐದಡಿ ಕಾಲುದಾರಿ ಬಿಡಬೇಕು ಅಂತ ಹಾಕಿದ ಕಟ್ಟಳೆಯಿಂದ. ಮಳೆ ನಮ್ಮಲ್ಲಿ ಅದಕ್ಕಿಂತ ಕಡಿಮೆ ಏನೂ ಅಲ್ಲ, ನಾವು ಅಂಗಡಿಯೆದುರು ತಗಡಿನ ಶೀಟು ಇಳಿಸಿ ಕೂರುತ್ತೇವೆ. ಇನ್ನು ಕೆಳಗೆ ಅಂಗಡಿ ಮೇಲೆ ಮನೆ ಎಂಬುದೇ ಕಟ್ಟಳೆಯೂ ಅಲ್ಲ. ಫ್ರಾನ್ಸಿನ ಮಾರ್ಸೇಯ್ ಊರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1952ರಲ್ಲಿ ಮುಗಿಸಿದ ಕಟ್ಟಡದಲ್ಲಿ ಅಂಗಡಿ ಬೀದಿ ಇರುವುದು ನಡು ಅಂತಸ್ತಿನಲ್ಲಿ. ಅದರ ಮೇಲೂ ಮನೆ, ಕೆಳಗೂ ಮನೆ.

ಮಾಹಿತಿ ಪತ್ರದಲ್ಲಿ ಕೊಳ್ಳುವವನು ಹುಡುಕುವುದು ಬೇರೆಯೇ. ಮನೆಗೆ ಹೋಗುವ ಮೆಟ್ಟಿಲು, ಲಿಫ್ಟು ಬೇರೆ ಇದೆಯೋ, ಅಂಗಡಿಯ ಒಳಗಿಂದಲೇ ಹಾಯಬೇಕೋ? ರಾತ್ರಿ ಶಟರ್ ಎಳೆದ ಮೇಲೆ ಗೇಟು ಯಾರ ಕೈಯಲ್ಲಿ? ಕೆಳಗೆ ಖಾನಾವಳಿ ಬಂದರೆ ಹೊಗೆಯ ಕೊಳವೆ ಮಾಡಿನ ತನಕ ಒಯ್ದಿದ್ದಾರೋ, ಮಲಗುವ ಕೋಣೆಯ ಕಿಟಕಿಗೆ ಬಿಟ್ಟಿದ್ದಾರೋ? ಮೇಲಿನ ಬಚ್ಚಲಿನ ಪೈಪು ಬಟ್ಟೆಯಂಗಡಿಯ ನೆತ್ತಿಯ ಮೇಲೆ ಹಾಯ್ತದೋ? ಅಂಗಡಿಯವನಿಗೆ ಕಂಬ ದೂರ ದೂರ ಬೇಕು, ಮನೆಯವನಿಗೆ ಗೋಡೆ ಹತ್ತಿರ ಹತ್ತಿರ ಬೇಕು. ಈ ತಾಪತ್ರಯ ಡ್ರಾಯಿಂಗಿನಲ್ಲಿ ಕೂಡಿ ಬರದಿದ್ದರೆ ಯಾವ ಸಮಾಸದಲ್ಲೂ ಕೂಡುವುದಿಲ್ಲ. ಅದನ್ನು ಬರೆಯಿರಿ, ಸಾದಾ ಕನ್ನಡದಲ್ಲಿ.

ಅಂಕೋಲೆಯಿಂದ

> ಸಾದಾ ಕನ್ನಡದಲ್ಲಿ

'ಸಾದಾ' ಪಾರಸಿ.

ಹೊನ್ನಾವರದಿಂದ

ಹೌದು. ಪರವಾನಗಿ, ಜಮೀನು, ಬುನಾದಿಯೂ ಪಾರಸಿ. ಅರ್ಜಿ, ನಕ್ಷೆ ಅರಬ್ಬೀ. ಕಟ್ಟುವ ಮೇಸ್ತ್ರಿ, ಬೀಗದ ಚಾವಿ ಪೋರ್ಚುಗೀಸು. ಕಾರವಾರದ ಕೊಂಕಣಿ ಮನೆಗಳ ಜನೇಲೂ, ಅಂದರೆ ಕಿಟಕಿಯೂ, ಅದೇ. ಇಷ್ಟನ್ನೂ ಹೊರಗೆ ಹಾಕಿದರೆ ನಿಮಗೆ ಉಳಿಯುವುದು ಬಾಗಿಲು ಮತ್ತು ಹಂಚು. ಅಷ್ಟರಲ್ಲಿ ಮನೆ ಕಟ್ಟಿ ತೋರಿಸಿ.

ಅಂಕೋಲೆಯಿಂದ

ಬಂದದ್ದನ್ನು ಹೊರಗೆ ಹಾಕಿ ಎಂದು ನಾನು ಹೇಳಲಿಲ್ಲ. ಜನರ ಬಾಯಿಂದ ಬಂದ ಎರವಲು ಬೇರೆ, ಆಫೀಸಿನ ಮೇಜಿನಿಂದ ಇಳಿದ ಎರವಲು ಬೇರೆ. ಮೇಸ್ತ್ರಿಯನ್ನು ಯಾರೂ ಹೇರಲಿಲ್ಲ. 1862ರಿಂದ 1956ರ ತನಕ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, ಆಗ ಮರಾಠಿಯನ್ನು ಹೇರಿದ್ದಕ್ಕೆ ನಮ್ಮ ಅಜ್ಜಂದಿರು ಸಿಟ್ಟಾದರು. ಈಗ ಸಂಸ್ಕೃತ ಹೇರಿದರೆ ಸಿಟ್ಟು ಬರಬಾರದೇ? 'ಭವನ' ಎಂದ ಕೂಡಲೇ ಬಾಡಿಗೆ ಏರುತ್ತದೆ, ಅದು ನನ್ನ ತಕರಾರು.

ಶಿರಸಿಯಿಂದ

'ತಕರಾರು' ಅರಬ್ಬೀ. ಸಂಸ್ಕೃತ ಹೇರಿಕೆಯಾದರೆ ಪಂಪನಿಂದ ಶುರು ಮಾಡಿ ಎಲ್ಲರನ್ನೂ ಕಟಕಟೆಗೆ ತನ್ನಿ. ನಾನು ಈ ಚರ್ಚೆಯಿಂದ ಹೊರಗೆ.

ಧಾರವಾಡದಿಂದ

ಮಾಸ್ತರು ಹೊರಗ ಹೋಗೂದು ಇದು ಮೊದಲಲ್ಲರೀ. ಕಟಕಟೆ ಎಲ್ಲಿಂದ ಬಂತು ಅಂತ ಯಾರರ ಕೇಳಿದ್ರ ತಿರುಗಿ ಬರ್ತಾರ.

ಕುಮಟೆಯಿಂದ

ತಂಗಿ, ಹೊನ್ನಾವರದವರ ಎರಡನೇ ಮಾತು ಸರಿ. ಮಳಿಗೆಮನೆಯನ್ನು ಇಡೀ ಕಟ್ಟಡಕ್ಕೆ ಹಾಕಬೇಡ, ಹಿಂದಿನ ನಾಲ್ಕಕ್ಕೆ ಇಟ್ಟುಕೋ. ಅಲ್ಲಿ ಕೆಳಗೆ ಕೆಲಸ ಮೇಲೆ ಮನೆ, ಎರಡಕ್ಕೂ ಒಬ್ಬನೇ ಯಜಮಾನ. ಸಮಾಸವೂ ಕೂಡ್ತದೆ, ಧಾರವಾಡದವರ ಉತ್ತರಪದಕ್ಕೂ ಬೇಜಾರಿಲ್ಲ. ಅಂಗಡಿ ಎದುರಿನ ಮಾಡಿಗೆ 'ಕೈಸಾಲೆ' ಅನ್ನು. ದೇವಸ್ಥಾನದಲ್ಲಿ ಕೇಳಿದ್ದೀಯಲ್ಲ. ತದ್ಭವವೋ ಅಲ್ಲವೋ ಇವರು ಬಡಿದಾಡಿಕೊಳ್ಳಲಿ. ಆದರೆ ಆ ಮಾಡನ್ನು ನಿಜವಾಗಿ ಕಟ್ಟುತ್ತಾರೋ ಕೇಳಿಕೋ. ಕಟ್ಟದಿದ್ದರೆ ಪದವೂ ಬೇಡ.

ಕಾರವಾರದಿಂದ

ಅಕ್ಕ, ಕೇಳಿದೆ. ಮಾಡು ನಕ್ಷೆಯಲ್ಲಿದೆ, ಹಂಚಿನದ್ದೇ, ಅಂಗಡಿಸಾಲಿನ ಉದ್ದಕ್ಕೂ. ಮೆಟ್ಟಿಲೂ ಬೇರೆ ಇದೆ. ಹೊಗೆ ಕೊಳವೆಯ ಮಾತಿಗೆ ಇಂಜಿನಿಯರು ಸುಮ್ಮನಾದರು, ಆಮೇಲೆ ಡ್ರಾಯಿಂಗ್ ತೆಗೆದು ಕೂತಿದ್ದಾರೆ.

ಮಾಲೀಕರು ಒಪ್ಪಿದ್ದು ಇಷ್ಟು. ಪುರಸಭೆಯ ಅರ್ಜಿಯಲ್ಲಿ ಕಾಯ್ದೆಯ ಮಾತೇ ಇರುತ್ತದೆ, 'ಮಿಶ್ರ ಬಳಕೆ', ಅರಿಸಮಾಸವಾದರೂ. ಬೋರ್ಡಿನಲ್ಲಿ ಮೇಲೆ ಕಟ್ಟಡದ ಹೆಸರು, ಕೆಳಗೆ ಒಂದೇ ಸಾಲು: 'ಅಂಗಡಿ · ಆಫೀಸು · ಮನೆ'. ಮಾಹಿತಿ ಪತ್ರದಲ್ಲಿ ಹಿಂದಿನ ನಾಲ್ಕಕ್ಕೆ 'ಮಳಿಗೆಮನೆ'. ಲಾಬಿಯ ಬಾಗಿಲಿಗೆ 'ಮನೆಗಳಿಗೆ ದಾರಿ' ಅಂತ ಬರೆಸುತ್ತಿದ್ದೇವೆ, ಮೊಗಸಾಲೆ ಮಾಲೀಕರಿಗೆ ವಿಧಾನಸೌಧದ ಹಾಗೆ ಕೇಳಿತಂತೆ.

ಸೆಟ್‌ಬ್ಯಾಕ್‌ಗೆ ಯಾರಾದರೂ ಏನಾದರೂ ಅನ್ನುತ್ತೀರಾ? ಗಡಿಯಿಂದ ಬಿಡುವ ಜಾಗಕ್ಕೆ. ಇದು ನಾಡಿದ್ದಿಗೆ ಸಾಕು.

ಶಿರಸಿಯಿಂದ

'ಹಿಂಸರಿತ' ಎಂದು ಯಾರಾದರೂ ಹೇಳುವ ಮೊದಲು ಹೇಳಿಬಿಡುತ್ತೇನೆ: ಕೂಡದು.

ಅಂಕೋಲೆಯಿಂದ

ಬಿಡುನೆಲ.