ನಮ್ಮ ನೆಲದಲ್ಲೇ ಎಣ್ಣೆ ತೆಗೆದರೆ ಹಾವೇರಿಯ ಬಂಕಿನಲ್ಲಿ ಡೀಸೆಲ್ ಅಗ್ಗವಾಗುತ್ತದೆಯೇ?

ಪ್ರಶ್ನೆ — ಹಾವೇರಿಯ ಲಾರಿ ಮಾಲೀಕ

ಎಲ್ಲರಿಗೂ ನಮಸ್ಕಾರ. ನಾನು ಮೂರು ಲಾರಿಗಳನ್ನಿಟ್ಟುಕೊಂಡು ಬ್ಯಾಡಗಿಯ ಮೆಣಸಿನಕಾಯಿಯನ್ನೂ ರಾಣೇಬೆನ್ನೂರು ಕಡೆಯ ಗೋವಿನಜೋಳವನ್ನೂ ಹೊರಗಿನ ಪೇಟೆಗಳಿಗೆ ಸಾಗಿಸುತ್ತೇನೆ. ಬಾಡಿಗೆಯಾಗಿ ಬಂದ ಹಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಡೀಸೆಲ್‌ಗೇ ಹೋಗುತ್ತದೆ. ಕಳೆದ ವಾರ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಮಾಲು ಇಳಿಸುವಾಗ ಹಮಾಲರು, ಚಾಲಕರು, ದಲಾಲರು ಎಲ್ಲರೂ ಸೇರಿ ಇದೇ ವಿಷಯದ ಮೇಲೆ ಒಂದು ತಾಸು ವಾದಿಸಿದರು. ರಷ್ಯಾದಿಂದ ಕೊಂಡರೆ ಅಮೆರಿಕ ಸುಂಕ ಹಾಕುತ್ತದೆ, ಕೊಲ್ಲಿಯಲ್ಲಿ ಯುದ್ಧವಾದರೆ ಹಡಗುಗಳು ನಿಲ್ಲುತ್ತವೆ, ಹೀಗಿರುವಾಗ ನಮ್ಮ ನೆಲದಲ್ಲೇ ಬಾವಿ ಕೊರೆಯಲು ಸರ್ಕಾರಕ್ಕೆ ಏನು ಅಡ್ಡಿ ಎಂಬುದು ಒಬ್ಬರ ಮಾತು. ಪರಿಸರದ ಹೆಸರು ಹೇಳುವವರು ಬಿಡುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಎಣ್ಣೆ ಸಿಕ್ಕರೂ ಅದರ ಲಾಭ ಕಂಪನಿಗಳ ಜೇಬಿಗೇ ಹೋಗುತ್ತದೆ ಎಂಬುದು ಮೂರನೆಯವರ ವಾದವಾಗಿತ್ತು.

ನನಗೆ ತಿಳಿಯಬೇಕಾದದ್ದು ಇಷ್ಟೇ: ದೇಶದೊಳಗೆ ಹೆಚ್ಚು ಬಾವಿ ಕೊರೆದರೆ ನನ್ನ ಲಾರಿಯ ಡೀಸೆಲ್ ಅಗ್ಗವಾಗುತ್ತದೆಯೇ? ಕೊರೆಯದಂತೆ ನಿಜವಾಗಿ ತಡೆಯುತ್ತಿರುವವರು ಯಾರು? ನಮ್ಮ ಧಾರವಾಡ, ಗದಗ ಸೀಮೆಯ ನೆಲದಲ್ಲಿ ಎಣ್ಣೆ ಇರುವ ಸಾಧ್ಯತೆಯೇನಾದರೂ ಇದೆಯೇ?

ಉತ್ತರ 1 — ಸಪ್ತಾಪುರದ ನಿವೃತ್ತ ಉಪನ್ಯಾಸಕ

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲ.

ನಮ್ಮ ಊರಿನ ಹೆಸರು ಜಗತ್ತಿನ ಭೂವಿಜ್ಞಾನದ ಪಠ್ಯಗಳಲ್ಲೆಲ್ಲ ಇದೆ ಎಂಬುದು ಇಲ್ಲಿಯ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಇಂದಿಗೂ ದಕ್ಷಿಣ ಭಾರತದ ಈ ಪ್ರಾಚೀನ ಭೂಖಂಡವನ್ನು ‘ಧಾರವಾಡ ಕ್ರೇಟಾನ್’ ಎಂದೇ ಕರೆಯುತ್ತಾರೆ. ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಕಚ್ಚಾ ತೈಲವಾದರೋ ಹಳೆಯ ಸಮುದ್ರ, ಸರೋವರಗಳ ತಳದಲ್ಲಿ ಸೂಕ್ಷ್ಮ ಜೀವಿಗಳ ಅವಶೇಷಗಳು ಕೆಸರಿನೊಂದಿಗೆ ಹೂತು, ಮೇಲೆ ಕೂತ ಕಣಶಿಲೆಯ (ಕೆಸರು, ಮರಳು ಪದರಪದರವಾಗಿ ಗಟ್ಟಿಯಾಗಿ ಆದ ಕಲ್ಲಿನ) ಭಾರದಿಂದ ಹದವಾಗಿ ಬೆಂದು ಆದದ್ದು. ಬೇಯುವುದು ಹೆಚ್ಚಾದರೆ ತೈಲ ಅನಿಲವಾಗುತ್ತದೆ. ಇನ್ನೂ ಹೆಚ್ಚಾದರೆ ಏನೂ ಉಳಿಯುವುದಿಲ್ಲ. ನಮ್ಮ ಶಿಲೆಗಳು ಕೋಟ್ಯಂತರ ವರ್ಷ ಒತ್ತಡ ಮತ್ತು ಶಾಖವನ್ನು ಉಂಡು ರೂಪಾಂತರಗೊಂಡಿವೆ. ಅವುಗಳಲ್ಲಿ ಚಿನ್ನವಿದೆ, ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಗದಗದ ಬೆಟ್ಟಗಳಿಗೆ ಗಣಿಯವರ ಕಣ್ಣು ಬಿದ್ದದ್ದೂ ಅದಕ್ಕಾಗಿಯೇ. ಎಣ್ಣೆ ಮಾತ್ರ ಇಲ್ಲ.

ದೇಶದಲ್ಲಿ ಗುರುತಿಸಿರುವ 26 ಕಣಶಿಲಾ ಪ್ರದೇಶಗಳ ಪಟ್ಟಿಯಲ್ಲಿ ನಮ್ಮ ಪಕ್ಕದ ‘ಭೀಮಾ–ಕಲಾದಗಿ’ಯೂ ಇದೆ ಎಂದು ಯಾರಾದರೂ ಆಸೆ ಹುಟ್ಟಿಸಬಹುದು. ಅದು ಪಟ್ಟಿಯ ಕೊನೆಯ ದರ್ಜೆಯಲ್ಲಿದೆ. ಬಾಗಲಕೋಟೆಯ ಸುಣ್ಣದ ಕಲ್ಲು ಸಿಮೆಂಟಿಗೆ ಒದಗುತ್ತದೆ; ಅದರಾಚೆ ಅದರಿಂದ ಏನನ್ನೂ ನಿರೀಕ್ಷಿಸದಿರುವುದು ಲೇಸು.

ಉತ್ತರ 2 — ಕೇಶ್ವಾಪುರದ ಮಾಜಿ ರಿಗ್ ನೌಕರ

ನಾನು ಹುಬ್ಬಳ್ಳಿಯವನು. ಗುಜರಾತಿನ ಅಂಕಲೇಶ್ವರದಲ್ಲಿಯೂ ಆಮೇಲೆ ರಾಜಸ್ಥಾನದ ಬಾಡಮೇರಿನಲ್ಲಿಯೂ ಎಣ್ಣೆ ಬಾವಿ ಕೊರೆಯುವ ರಿಗ್‌ಗಳ ಮೇಲೆ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಮರಳಿದ್ದೇನೆ. ಲಾರಿ ಮಾಲೀಕರ ಮೊದಲ ಪ್ರಶ್ನೆಯಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ, ಅದು ಅವರೊಬ್ಬರದಲ್ಲ.

ನಮ್ಮ ನೆಲದಲ್ಲಿ ತೆಗೆದ ಎಣ್ಣೆ ನಮಗೆ ಅಗ್ಗದಲ್ಲಿ ಸಿಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಹಿತ್ತಲಿನ ತೆಂಗಿನಕಾಯಿಗೆ ಪೇಟೆಯ ದರ ಕೊಡುವವರುಂಟೇ ಎಂಬ ಲೆಕ್ಕ ಅದು. ಆದರೆ ಮುಂಬೈ ಎದುರಿನ ಕಡಲಿನಲ್ಲಿರುವ ತೈಲಕ್ಷೇತ್ರ ಮುಂಬೈ ಹೈನಿಂದ ಬಂದ ಕಚ್ಚಾ ತೈಲಕ್ಕೂ ಬಾಡಮೇರಿನ ತೈಲಕ್ಕೂ ಸಂಸ್ಕರಣಾಗಾರಗಳು ಅಂತರರಾಷ್ಟ್ರೀಯ ದರವನ್ನು ಆಧರಿಸಿಯೇ ಹಣ ಕೊಡುತ್ತವೆ. 2022ರ ಅಕ್ಟೋಬರ್‌ನಿಂದ ದೇಶದೊಳಗೆ ಯಾರಿಗೆ ಮಾರಬೇಕೆಂಬ ಸ್ವಾತಂತ್ರ್ಯವೂ ಉತ್ಪಾದಕರಿಗೆ ದೊರೆತಿದೆ. ಎಂದರೆ ಲಂಡನ್ನಿನ ಪೇಟೆಯಲ್ಲಿ ದರ ಏರಿದ ದಿನ ನಮ್ಮ ಬಾವಿಯ ಎಣ್ಣೆಯ ದರವೂ ಏರುತ್ತದೆ. ಹಾಗೆ ಏರಿದಾಗ ಕಂಪನಿಗಳಿಗೆ ಆದ ದಿಢೀರ್ ಲಾಭವನ್ನು ಹಿಡಿಯಲೆಂದೇ ಕೇಂದ್ರವು 2022ರ ಜುಲೈನಲ್ಲಿ ದೇಶೀಯ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿಯ ಹೆಚ್ಚುವರಿ ತೆರಿಗೆ ಹಾಕಿತು. 2024ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಆ ತೆರಿಗೆಯ ಹಣ ಖಜಾನೆಗೆ ಹೋಯಿತೇ ಹೊರತು ಹಾವೇರಿಯ ಬಂಕಿಗೆ ಬರಲಿಲ್ಲ.

ಇದು ನಮ್ಮ ದೇಶದ ದೌರ್ಬಲ್ಯವೆಂದು ಭಾವಿಸಬೇಡಿ. ‘ಕೊರೆಯಿರಿ, ಇನ್ನೂ ಕೊರೆಯಿರಿ’ ಎಂಬುದನ್ನು ಚುನಾವಣೆಯ ಘೋಷಣೆಯನ್ನಾಗಿಯೇ ಮಾಡಿಕೊಂಡ ಅಮೆರಿಕ 2018ರಿಂದ ಜಗತ್ತಿನ ಅತಿ ದೊಡ್ಡ ತೈಲ ಉತ್ಪಾದಕ ದೇಶವಾಗಿದೆ. ಆದರೂ 2022ರ ಜೂನ್‌ನಲ್ಲಿ ಅಲ್ಲಿಯ ಪೆಟ್ರೋಲ್ ಗ್ಯಾಲನ್ನಿಗೆ 5 ಡಾಲರ್ ದಾಟಿತು.

ಹಾಗಾದರೆ ಕೊರೆಯುವುದರಿಂದ ಲಾಭವೇ ಇಲ್ಲವೇ ಎಂದರೆ, ಖಂಡಿತ ಇದೆ. ಹೊರದೇಶಕ್ಕೆ ಹೋಗುವ ಡಾಲರ್ ಉಳಿಯುತ್ತದೆ, ಯುದ್ಧಕಾಲದಲ್ಲಿ ಸ್ವಲ್ಪ ಧೈರ್ಯವಿರುತ್ತದೆ, ಸರ್ಕಾರಗಳಿಗೆ ರಾಜಧನ ಮತ್ತು ಸೆಸ್ ಬರುತ್ತವೆ, ನನ್ನಂಥ ಸಾವಿರಾರು ಜನರಿಗೆ ಅನ್ನ ಸಿಗುತ್ತದೆ. ಬಂಕಿನ ದರದ ಮಾತೇ ಬೇರೆ. 2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ: ಲಾಕ್‌ಡೌನಿನಿಂದ ಜಗತ್ತಿನಲ್ಲಿ ಎಣ್ಣೆಯನ್ನು ಕೇಳುವವರಿರಲಿಲ್ಲ, ಆಗ ಕೇಂದ್ರವು ಒಂದೇ ರಾತ್ರಿಯಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 10 ಮತ್ತು ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಒಯ್ದಿತು. ಕೇಂದ್ರದಲ್ಲೂ ರಾಜ್ಯದಲ್ಲೂ ಬೇರೆ ಬೇರೆ ಪಕ್ಷಗಳ ಸರ್ಕಾರಗಳಿದ್ದರೂ ಈ ಒಂದು ವಿಷಯದಲ್ಲಿ ಅವುಗಳ ನಡುವೆ ಅಪೂರ್ವವಾದ ಒಮ್ಮತವಿದೆ. ಪೆಟ್ರೋಲ್, ಡೀಸೆಲ್‌ಗಳನ್ನು ಜಿಎಸ್‌ಟಿಗೆ ಸೇರಿಸಲು ಯಾರೂ ಮನಸಾರೆ ಮುಂದಾಗದಿರುವುದಕ್ಕೂ ಇದೇ ಕಾರಣ.

ಇನ್ನು ತಡೆಯುವವರು ಯಾರು ಎಂಬ ಪ್ರಶ್ನೆ. ಗದಗ ಸೀಮೆಯಲ್ಲಿ ಬೋರ್ ಕೊರೆಸಿದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಳುನೂರು ಅಡಿ ಕೊರೆಸಿ ಬರೀ ದೂಳು ಬಂದರೆ ಸಾಲ ತೀರಿಸಲು ಎಷ್ಟು ವರ್ಷ ಬೇಕು? ಎಣ್ಣೆಯ ಬಾವಿ ಕಿಲೋಮೀಟರುಗಟ್ಟಲೆ ಆಳದ್ದು, ಸಮುದ್ರದಲ್ಲಾದರೆ ಒಂದೊಂದು ಬಾವಿಗೂ ನೂರಾರು ಕೋಟಿ ರೂಪಾಯಿ ಬೇಕಾಗುತ್ತದೆ, ಮತ್ತು ಬಹಳಷ್ಟು ಬಾವಿಗಳು ಒಣಗಿದವೇ ಆಗಿರುತ್ತವೆ. 1974ರಲ್ಲಿ ಮುಂಬೈ ಹೈ ಸಿಕ್ಕಿತು. ಅದರ ಬಲದಿಂದ 1980ರ ದಶಕದ ಮಧ್ಯದಲ್ಲಿ ದೇಶದ ಅಗತ್ಯದ ಸುಮಾರು ಮೂರನೆಯ ಎರಡು ಪಾಲು ನಮ್ಮಲ್ಲೇ ಸಿಗುತ್ತಿತ್ತು. ಆಮೇಲೆ ಅಂಥ ಮತ್ತೊಂದು ನಿಧಿ ಸಿಗಲಿಲ್ಲ. 2004ರಲ್ಲಿ ಬಾಡಮೇರಿನ ಮಂಗಳಾ ಕ್ಷೇತ್ರ ಸಿಕ್ಕಿತು; ಅಲ್ಲಿಯ ಎಣ್ಣೆಯಲ್ಲಿ ಮೇಣ ಎಷ್ಟು ಹೆಚ್ಚೆಂದರೆ ಬಕೆಟ್ಟಿನಲ್ಲಿ ಇಟ್ಟರೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಅದಕ್ಕಾಗಿ ಗುಜರಾತಿನ ಕರಾವಳಿಯವರೆಗೆ ಆರುನೂರು ಕಿಲೋಮೀಟರಿಗೂ ಉದ್ದದ ಕೊಳವೆಯನ್ನು ಉದ್ದಕ್ಕೂ ಬಿಸಿ ಮಾಡುತ್ತಲೇ ಇರಬೇಕಾಯಿತು. ಮರಳುಗಾಡಿನ ನಡುವೆ ಎಣ್ಣೆಗೆ ಚಳಿಯಾಗದಂತೆ ಕಾಯುವ ಕೆಲಸ ನಮ್ಮದು ಎಂದು ನಾವು ನಗುತ್ತಿದ್ದೆವು.

2011–12ರಲ್ಲಿ ದೇಶದ ಕಚ್ಚಾ ತೈಲ ಉತ್ಪಾದನೆ ಸುಮಾರು 3.8 ಕೋಟಿ ಟನ್ ಇತ್ತು. 2023–24ರ ಹೊತ್ತಿಗೆ ಅದು 2.9 ಕೋಟಿ ಟನ್ನಿಗೆ ಇಳಿದಿತ್ತು. ಅದೇ ವರ್ಷ ದೇಶ ಬಳಸಿದ ಪೆಟ್ರೋಲಿಯಂ ಪದಾರ್ಥಗಳು 23 ಕೋಟಿ ಟನ್ನಿಗೂ ಹೆಚ್ಚು. ಆಮದಿನ ಅವಲಂಬನೆಯನ್ನು 2022ರೊಳಗೆ ಹತ್ತು ಶೇಕಡದಷ್ಟು ತಗ್ಗಿಸಬೇಕೆಂದು ಪ್ರಧಾನಿಯವರು 2015ರಲ್ಲಿ ಹೇಳಿದ್ದರು. ಆಗ ಅದು ಶೇ 77ರ ಆಸುಪಾಸಿನಲ್ಲಿತ್ತು, ಈಗ ಶೇ 87ನ್ನೂ ದಾಟಿದೆ. ಕಾನೂನು ಸಡಿಲವಾಗಲಿಲ್ಲ ಎನ್ನುವಂತಿಲ್ಲ. 2016ರ ನೀತಿಯಲ್ಲಿ ಕಂಪನಿಗಳು ತಾವೇ ಜಾಗ ಆರಿಸಿಕೊಳ್ಳಬಹುದೆಂದಾಯಿತು, 2022ರಲ್ಲಿ ರಕ್ಷಣಾ ಕಾರಣಕ್ಕೆ ಮುಚ್ಚಿದ್ದ ಸಮುದ್ರದ ಬಹುಭಾಗವನ್ನು ತೆರೆಯಲಾಯಿತು, 2025ರಲ್ಲಿ ತೈಲಕ್ಷೇತ್ರಗಳ ಕುರಿತ 1948ರ ಹಳೆಯ ಕಾಯ್ದೆಗೇ ತಿದ್ದುಪಡಿ ಬಂತು. ಬಾಗಿಲು ತೆರೆದೇ ಇದೆ. ಒಳಗೆ ಬರುವ ದೊಡ್ಡ ಕಂಪನಿಗಳು ಕಡಿಮೆ.

ಉತ್ತರ 3 — ಮುಂಡರಗಿ ಓದುಗ

ಮೇಲಿನ ಹಿರಿಯರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ‘ತಡೆಯುವವರು ಯಾರು’ ಎಂಬ ಪ್ರಶ್ನೆಯನ್ನು ಅವರು ನೆಲದ ಮೇಲಿರುವ ಜನರ ಕಡೆಗೆ ತಿರುಗಿಯೂ ನೋಡದೆ ಮುಗಿಸಿದ್ದಾರೆ.

2011ರಲ್ಲಿ ನಮ್ಮ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ಭೂಮಿ ಪಡೆಯಲು ಹೊರಟಾಗ ಏನಾಯಿತೆಂಬುದು ಇಲ್ಲಿ ಎಲ್ಲರಿಗೂ ನೆನಪಿದೆ. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ರೈತರ ಜೊತೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಆಗಲೂ ನಮ್ಮನ್ನು ಅಭಿವೃದ್ಧಿಯ ವಿರೋಧಿಗಳು ಎಂದಿದ್ದರು. ಎರೆಭೂಮಿಯಲ್ಲಿ ಹಿಂಗಾರಿ ಕಡಲೆ, ಬಿಳಿಜೋಳ ಬೆಳೆದುಕೊಂಡಿದ್ದವನು ಉಕ್ಕಿಗೆ ವಿರೋಧಿಯಾಗಿರಲಿಲ್ಲ. ತನ್ನನ್ನು ಕೇಳದೆ ತೀರ್ಮಾನ ಮಾಡಿದ್ದಕ್ಕೆ ವಿರೋಧಿಯಾಗಿದ್ದ.

ತೈಲದ ವಿಷಯದಲ್ಲಿಯೂ ಕಥೆ ಇದೇ. ತಮಿಳುನಾಡಿನ ನೆಡುವಾಸಲ್‌ನಲ್ಲಿ 2017ರಲ್ಲಿ ಹೈಡ್ರೋಕಾರ್ಬನ್ (ತೈಲ, ಅನಿಲ ತೆಗೆಯುವ) ಯೋಜನೆಯ ವಿರುದ್ಧ ಊರಿಗೆ ಊರೇ ಧರಣಿ ಕುಳಿತಿತು. 2020ರಲ್ಲಿ ಅಲ್ಲಿಯ ಸರ್ಕಾರ ಕಾವೇರಿ ಮುಖಜ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ ಕಾನೂನನ್ನೇ ಮಾಡಿತು. ಅದೇ ವರ್ಷ ಅಸ್ಸಾಮಿನ ಬಾಗ್‌ಜಾನ್‌ನಲ್ಲಿ ಮೇ ತಿಂಗಳಲ್ಲಿ ಸ್ಫೋಟಗೊಂಡ ಬಾವಿಯನ್ನು ಮುಚ್ಚಲು ನವೆಂಬರ್ ಬರಬೇಕಾಯಿತು. ಪಕ್ಕದಲ್ಲೇ ಮಾಗುರಿ ಎಂಬ ದೊಡ್ಡ ಜೌಗು ಕೆರೆಯಿತ್ತು, ಅದರಾಚೆ ರಾಷ್ಟ್ರೀಯ ಉದ್ಯಾನವಿತ್ತು. ಇಂಥದ್ದನ್ನು ಕಂಡವರಿಗೆ ‘ಇದು ದೇಶಕ್ಕಾಗಿ’ ಎಂದು ಹೇಳುವ ಮೊದಲು ಹೇಳುವವರ ಊರು ಬಾವಿಯಿಂದ ಎಷ್ಟು ದೂರವಿದೆ ಎಂದು ಕೇಳಬೇಕಾಗುತ್ತದೆ.

ಅಸ್ಸಾಮಿನವರಿಗಂತೂ ಇದು ಹಳೆಯ ಗಾಯ. 1889ರಲ್ಲಿ ದಿಗ್ಬಾಯ್‌ನಲ್ಲಿ ಎಣ್ಣೆ ಸಿಕ್ಕ ನಾಡು ಅದು. ಅಲ್ಲಿಯ ಚಳವಳಿಗಾರರು 1979–80ರಲ್ಲಿ ‘ರಕ್ತ ಕೊಟ್ಟೇವು, ಎಣ್ಣೆ ಕೊಡೆವು’ ಎಂದು ಬಿಹಾರದ ಬರೌನಿ ಸಂಸ್ಕರಣಾಗಾರಕ್ಕೆ ಹೋಗುವ ಕಚ್ಚಾ ತೈಲವನ್ನೇ ತಡೆದಿದ್ದರು. ಅಮೆರಿಕದಲ್ಲಿ ಜಮೀನಿನ ಅಡಿಯ ಎಣ್ಣೆಯೂ ಬಹುಮಟ್ಟಿಗೆ ಜಮೀನುದಾರನದೇ ಆದ್ದರಿಂದ ಅಲ್ಲಿಯ ರೈತ ರಿಗ್ ಬಂದರೆ ಹಬ್ಬ ಮಾಡಬಹುದು. ಇಲ್ಲಿ ಗುತ್ತಿಗೆಯೂ ರಾಜಧನವೂ ಸರ್ಕಾರದವು; ರೈತನಿಗೆ ಸಿಗುವುದು ಮೇಲ್ಮೈ ಜಮೀನಿನ ಪರಿಹಾರ ಮಾತ್ರ. ಎರಡೂ ದೇಶಗಳ ರಾಜಕೀಯವನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ನಮ್ಮ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಿಗೂ ಈ ಮಾತು ಅನ್ವಯಿಸುತ್ತದೆ ಎಂದು ಸೇರಿಸಬೇಕು. ಹಸಿರು ವಿದ್ಯುತ್ತು ಎಂದ ಮಾತ್ರಕ್ಕೆ ಗುಡ್ಡದ ದಾರಿ, ದನ ಮೇಯುವ ಜಾಗ, ಹಳ್ಳಿಯ ಒಪ್ಪಿಗೆ ಇವುಗಳ ಪ್ರಶ್ನೆ ತಾನಾಗಿ ಕರಗುವುದಿಲ್ಲ.

ಉತ್ತರ 4 — ಹಿರೇಕೆರೂರಿನ ರೈತ

ಬಾವಿಯ ಚರ್ಚೆಯಲ್ಲಿ ಹೊಲದ ಮಾತನ್ನು ಯಾರೂ ಎತ್ತಲಿಲ್ಲವಲ್ಲ. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆಂದು ಇಟ್ಟಿದ್ದರು, ಆಮೇಲೆ 2025ಕ್ಕೇ ಹಿಂದಕ್ಕೆಳೆದು ಮುಟ್ಟಿಯೂಬಿಟ್ಟರು. ಇಂಧನದ ಕಾರ್ಖಾನೆಗಳು ಗೋವಿನಜೋಳ ಕೊಳ್ಳುತ್ತವೆ, ಇನ್ನು ದರ ಬೀಳುವುದಿಲ್ಲ ಎಂದು ನಂಬಿ ನಮ್ಮ ಕಡೆ ಹತ್ತಿ ಬಿಟ್ಟು ಅದನ್ನೇ ಬಿತ್ತಿದವರು ಬಹಳ ಮಂದಿ, ನಾನೂ ಒಬ್ಬ. 2025ರ ಮುಂಗಾರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಪೇಟೆಯಲ್ಲಿ ನನಗೆ ಅದಕ್ಕಿಂತ ಬಹಳ ಕಡಿಮೆ ಸಿಕ್ಕಿತು, ಚೀಲ ತುಂಬಿಸಿದ ಕೂಲಿ, ಒಣಗಿಸಿದ ಖರ್ಚು ಕಳೆದರೆ ಹೇಳುವುದಕ್ಕೇ ನಾಚಿಕೆ. ನಾನು ಎಥನಾಲಿಗೆ ವಿರೋಧಿಯಲ್ಲ. ಆದರೆ ರೈತನನ್ನು ‘ಅನ್ನದಾತ’ನಿಂದ ‘ಇಂಧನದಾತ’ನನ್ನಾಗಿ ಮಾಡುತ್ತೇವೆ ಎಂದು ಭಾಷಣ ಮಾಡಿದವರು ಖರೀದಿ ಕೇಂದ್ರವನ್ನು ಸುಗ್ಗಿಗೆ ಮೊದಲೇ ತೆರೆಯಬೇಕಿತ್ತು. ಮತ್ತೊಂದು: ಎಥನಾಲ್ ಹೋಗುವುದು ಪೆಟ್ರೋಲಿಗೆ. ನಿಮ್ಮ ಲಾರಿಗೂ ನನ್ನ ಟ್ರ್ಯಾಕ್ಟರಿಗೂ ಬೇಕಾದ ಡೀಸೆಲ್‌ಗೆ ಅದರಿಂದ ಏನೂ ಆಗಿಲ್ಲ.

ಮರುಪ್ರಶ್ನೆ — ಹಾವೇರಿಯ ಲಾರಿ ಮಾಲೀಕ

ಎಲ್ಲರಿಗೂ ಧನ್ಯವಾದಗಳು. ಅಮರಗೋಳದಲ್ಲಿ ನಾನು ‘ಕೊರೆಯಬೇಕು’ ಎಂಬುವವರ ಪಕ್ಷದಲ್ಲಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಈಗಲೂ ಆ ಪಕ್ಷ ಬಿಟ್ಟಿಲ್ಲ, ಆದರೆ ಡೀಸೆಲ್ ಅಗ್ಗವಾಗುತ್ತದೆ ಎಂದು ಮಾತ್ರ ಇನ್ನು ವಾದಿಸಲಾರೆ. ಒಂದು ಅನುಮಾನ ಉಳಿದಿದೆ. ಧಾರವಾಡದ ಕಲ್ಲಿನಲ್ಲಿ ಎಣ್ಣೆ ಇಲ್ಲ ಸರಿ, ನಮ್ಮ ಕಾರವಾರದ ಸಮುದ್ರದಲ್ಲಿ ಸಿಕ್ಕರೆ? ಆಗ ರಾಜಧನ ಕರ್ನಾಟಕಕ್ಕೆ ಬಂದು, ಅದರಿಂದ ನಮ್ಮ ರಾಜ್ಯವಾದರೂ ಡೀಸೆಲ್ ತೆರಿಗೆ ಇಳಿಸಬಹುದಲ್ಲವೇ?

ಉತ್ತರ 5 — ಕೇಶ್ವಾಪುರದ ಮಾಜಿ ರಿಗ್ ನೌಕರ

ಕಾರವಾರದ ಕಡಲು ‘ಕೇರಳ–ಕೊಂಕಣ’ ಎಂಬ ಕಣಶಿಲಾ ಪ್ರದೇಶಕ್ಕೆ ಸೇರಿದೆ, ಅಲ್ಲಿ ಇದುವರೆಗೆ ವಾಣಿಜ್ಯ ಪ್ರಮಾಣದ ಉತ್ಪಾದನೆ ಆಗಿಲ್ಲ. ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಸಂವಿಧಾನದ 297ನೇ ವಿಧಿಯ ಪ್ರಕಾರ ಸಮುದ್ರದ ತಳದ ಖನಿಜಗಳೆಲ್ಲ ಕೇಂದ್ರದ ಸ್ವತ್ತು. ನೆಲದ ಮೇಲಿನ ಬಾವಿಯ ರಾಜಧನ ಆಯಾ ರಾಜ್ಯಕ್ಕೆ, ಸಮುದ್ರದ ಬಾವಿಯದು ದೆಹಲಿಗೆ. ಮುಂಬೈ ಹೈ ಮಹಾರಾಷ್ಟ್ರದ ಎದುರಿಗೇ ಇದ್ದರೂ ಅದರ ರಾಜಧನ ಆ ರಾಜ್ಯಕ್ಕೆ ಹೋಗುವುದಿಲ್ಲ. 1948ರ ಕಾಯ್ದೆಯ 2025ರ ತಿದ್ದುಪಡಿ ಸಂಸತ್ತಿನಲ್ಲಿ ಚರ್ಚೆಗೆ ಬಂದಾಗ ವಿರೋಧ ಪಕ್ಷದವರು ರಾಜ್ಯಗಳ ಹಕ್ಕಿನ ಮಾತೆತ್ತಿದ್ದರ ಹಿನ್ನೆಲೆಯೂ ಇಂಥದ್ದೇ: ಖನಿಜ ಹಕ್ಕುಗಳ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈನಲ್ಲಷ್ಟೇ ಹೇಳಿತ್ತು, ಈ ತಿದ್ದುಪಡಿ ಪೆಟ್ರೋಲಿಯಂ ಗುತ್ತಿಗೆಯನ್ನು ಗಣಿ ಗುತ್ತಿಗೆಯಿಂದ ಬೇರೆ ಮಾಡಿತು; ಇದರಿಂದ ಆ ತೆರಿಗೆಯ ಹಕ್ಕು ರಾಜ್ಯಗಳ ಕೈತಪ್ಪೀತು ಎಂಬುದು ಅವರ ಆತಂಕ.

ಕರ್ನಾಟಕದ ಪಾಲಿಗೆ ಈಗ ಬಂದಿರುವುದು ಎಣ್ಣೆಯ ಉಗ್ರಾಣದ ಕೆಲಸ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಬಂಡೆಗವಿಗಳಿವೆ. ವಿಶಾಖಪಟ್ಟಣದ್ದೂ ಸೇರಿ ದೇಶದ ಒಟ್ಟು ತುರ್ತು ಸಂಗ್ರಹದ ಸಾಮರ್ಥ್ಯ 53.3 ಲಕ್ಷ ಟನ್, ದೇಶದ ಹತ್ತು ದಿನಗಳ ಬಳಕೆಗೂ ಸಾಲದು. ಉಪನ್ಯಾಸಕರು ಹೇಳಿದ ಆ ಹಳೆಯ ಗಟ್ಟಿ ಕಲ್ಲು ಎಣ್ಣೆಯನ್ನು ಹುಟ್ಟಿಸದಿದ್ದರೂ ಸೋರದಂತೆ ಹಿಡಿದಿಡುತ್ತದೆ. ಡೀಸೆಲ್ ತೆರಿಗೆಯ ಬಗ್ಗೆ ಕೇಳುವುದಿದ್ದರೆ ಕಾರವಾರದ ಕಡಲಿನ ಕಡೆ ನೋಡದೆ ನಿಮ್ಮ ಶಾಸಕರನ್ನೂ ಸಂಸದರನ್ನೂ ಒಂದೇ ದಿನ, ಒಂದೇ ವೇದಿಕೆಯಲ್ಲಿ ಕೂರಿಸಿ ಕೇಳಿ; ಬೇರೆ ಬೇರೆಯಾಗಿ ಕೇಳಿದರೆ ಇಬ್ಬರೂ ಇನ್ನೊಬ್ಬರ ಮನೆಯ ಬಾಗಿಲು ತೋರಿಸುತ್ತಾರೆ.