ಬೋನಸ್ ಹಾಡುಗಳಿರುವ ಮರುಬಿಡುಗಡೆ ಆಲ್ಬಮ್ ಕೊಳ್ಳಬೇಕೇ? ಸಲಹೆ ಬೇಕು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮುಂಬೈನ ಮಾಟುಂಗಾದಲ್ಲಿರುವ ನನ್ನ ಬಳಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನ ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಇದೆ. ಚೋರ್ ಬಜಾರ್‌ನಲ್ಲಿ ಕೊಂಡದ್ದು, ಅಂಚಿನಲ್ಲಿ ಸ್ವಲ್ಪ ಗೀರಿದೆ, ಆದರೂ ಚೆನ್ನಾಗಿಯೇ ಕೇಳಿಸುತ್ತದೆ. ಈಗ ಬೋನಸ್ ಹಾಡುಗಳಿರುವ ಸಿಡಿಯನ್ನು ಕೊಳ್ಳಬೇಕೇ ಎಂಬ ಗೊಂದಲದಲ್ಲಿದ್ದೇನೆ.

ಮೊದಲ ದಿನದ ಧ್ವನಿಮುದ್ರಣದಲ್ಲಿ ಟೇಪ್ ಯಂತ್ರವೊಂದು ತುಸು ನಿಧಾನವಾಗಿ ಓಡಿದ್ದರಿಂದ, ಆ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಮೊದಲ ಬದಿಯ ಮೂರೂ ರಚನೆಗಳು ದಶಕಗಳ ಕಾಲ ನಿಜವಾದ ಶ್ರುತಿಗಿಂತ ಕೊಂಚ ಏರಿಯೇ ಕೇಳಿಸುತ್ತಿದ್ದವು. 1992ರ ಮರುಬಿಡುಗಡೆಯಲ್ಲಿ ಅದನ್ನು ಸರಿಪಡಿಸಲಾಯಿತು. ನನ್ನ ಮಟ್ಟಿಗೆ ಹಣ ಕೊಡಲು ಇದೊಂದೇ ಕಾರಣ ಸಾಕು. ಆಲ್ಬಮ್‌ನ ಕೊನೆಯ ರಚನೆ 'ಫ್ಲಮೆಂಕೋ ಸ್ಕೆಚಸ್'ನ ಇನ್ನೊಂದು ಟೇಕ್ (ಅದೇ ರಚನೆಯನ್ನು ಮತ್ತೊಮ್ಮೆ ನುಡಿಸಿ ಮುದ್ರಿಸಿದ್ದು) ಕೂಡ ಕುತೂಹಲ ಹುಟ್ಟಿಸುತ್ತದೆ, ಆದರೆ ಆಲ್ಬಮ್ ಮುಗಿದು ಮೌನ ಬೇಕೆನಿಸುವಾಗ ಅದೇ ರಚನೆ ಮತ್ತೆ ಶುರುವಾದರೆ ರಸಭಂಗವಾಗದೇ? ಅರ್ಧಕ್ಕೆ ನಿಂತ ಟೇಕ್‌ಗಳು, ಸ್ಟುಡಿಯೋದ ಮಾತುಕತೆ ಇವನ್ನೆಲ್ಲ ಎರಡನೆಯ ಬಾರಿ ಯಾರಾದರೂ ಕೇಳುತ್ತಾರೆಯೇ ಎಂಬುದೂ ನನ್ನ ಅನುಮಾನ.

ಕೆಲವು ರೀಮಾಸ್ಟರ್‌ಗಳಲ್ಲಿ (ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ಸಂಸ್ಕರಿಸಿದ ಆವೃತ್ತಿಗಳಲ್ಲಿ) ಧ್ವನಿಯನ್ನು ಒಂದೇ ಸಮ ಜೋರಾಗಿಸಿ ಏರಿಳಿತವನ್ನೇ ಅಳಿಸಿಬಿಡುತ್ತಾರೆ. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ, ಅಂಗಡಿಯಲ್ಲಿ ನಿಂತು ಕೇಳಿ ಕೊಳ್ಳುವ ಅನುಕೂಲವೂ ನನಗೆ ಇಲ್ಲದಾಗಿದೆ.

ಶ್ರುತಿ ಸರಿಪಡಿಸಿದ ಪ್ರತಿಯನ್ನು ಹೊದಿಕೆಯ ಮೇಲಿನ ಯಾವ ಮಾಹಿತಿಯಿಂದ ಗುರುತಿಸಬಹುದು? ಎರಡು ಡಿಸ್ಕ್‌ಗಳ ಆವೃತ್ತಿಯನ್ನು ಕೊಂಡವರು ಎರಡನೆಯದನ್ನು ಎಷ್ಟು ಬಾರಿ ಹಾಕಿದ್ದೀರಿ? ಮುಂಬೈ ಅಥವಾ ಪುಣೆಯಲ್ಲಿ ಯಾರ ಬಳಿಯಾದರೂ ಇದ್ದರೆ, ಕೊಳ್ಳುವ ಮುನ್ನ ಒಮ್ಮೆ ಬಂದು ಕೇಳಲು ಅವಕಾಶ ಕೊಡುವಿರಾ?